ಮೊದಲು ಸೀಟು ಮೇಲೆತ್ತಿ, ಮಂಡಿ ನೋವಿನ ಮಾತು ಆಮೇಲೆ

ಮೈಸೂರಿನ ಯಾವ ರಸ್ತೆಯಾದರೂ ಸರಿ, ಬೆಳಿಗ್ಗೆ ಆರು ಗಂಟೆಗೆ ಸ್ವಲ್ಪ ಹೊತ್ತು ನಿಂತು ಸೈಕಲ್ ತುಳಿಯುವವರ ಮಂಡಿ ಗಮನಿಸಿ. ಪೆಡಲ್ ಮೇಲಕ್ಕೆ ಬಂದಾಗ ಎಷ್ಟೋ ಜನರ ಮಂಡಿ ಹೊಟ್ಟೆಯ ಹತ್ತಿರಕ್ಕೇ ಬಂದಿರುತ್ತದೆ. ಪೆಡಲ್ ಪೂರ್ತಿ ಕೆಳಗೆ ಹೋದಾಗಲೂ ಕಾಲು ಮಡಚಿಕೊಂಡೇ ಇರುತ್ತದೆ. ಸೀಟು ಅಷ್ಟು ಕೆಳಗಿದೆ. ಸೈಕಲ್ ಚೆನ್ನಾಗಿದೆ, ಹದಿನೈದು ಇಪ್ಪತ್ತು ಸಾವಿರ ಕೊಟ್ಟಿದ್ದಾರೆ, ಹೆಲ್ಮೆಟ್ಟೂ ಇದೆ. ಒಂದೆರಡು ತಿಂಗಳು ತುಳಿಯುತ್ತಾರೆ. ಆಮೇಲೆ ಮಂಡಿ ನೋವು ಶುರು. "ವಯಸ್ಸಾಯ್ತು ಸಾರ್, ಇನ್ನು ವಾಕಿಂಗೇ ಸಾಕು" ಅಂತಾರೆ. ಸೈಕಲ್ ಬಾಲ್ಕನಿಗೆ ಹೋಗುತ್ತದೆ, ಅದರ ಮೇಲೆ ಟವಲ್ ಒಣಗುತ್ತದೆ.

ನೋಡಿದಾಗೆಲ್ಲ ಸಂಕಟ ಆಗುತ್ತದೆ. ಹಾಗೆ ಸೈಕಲ್ ಬಿಟ್ಟ ಎಷ್ಟೋ ಜನರ ಮಂಡಿಯೂ ಸರಿಯಿತ್ತು, ಸೈಕಲ್ಲೂ ಸರಿಯಿತ್ತು. ಸೀಟು ಮೂರು ನಾಲ್ಕು ಇಂಚು ಕೆಳಗಿತ್ತು, ಟಯರ್‌ನಲ್ಲಿ ಅರ್ಧ ಗಾಳಿ ಇತ್ತು, ಚೈನು ಒಣಗಿತ್ತು, ಅಷ್ಟೇ. ಈ ಮೂರನ್ನೂ ಮನೆಯಲ್ಲೇ, ಒಂದು ಅಲನ್ ಕೀ ಸೆಟ್ಟು, ಒಂದು ಪಂಪು, ಒಂದು ಸಣ್ಣ ಎಣ್ಣೆ ಬಾಟಲಿ ಇಟ್ಟುಕೊಂಡು ಸರಿ ಮಾಡಬಹುದು. ಹೊಸ ಸೈಕಲ್ ಬೇಕಾಗಿಲ್ಲ. ರೇಸಿಗೆ ಹೋಗುವವರಿಗೆ ಹೇಳಿಕೊಡೋಕೆ ಬೇರೆಯವರಿದ್ದಾರೆ. ನಾನು ಬರೆಯುತ್ತಿರುವುದು ದಿನಾ ಅರ್ಧ ಗಂಟೆ, ಭಾನುವಾರ ಇಪ್ಪತ್ತು ಮೂವತ್ತು ಕಿಲೋಮೀಟರ್ ತುಳಿಯುವವರಿಗೆ.

ಸೀಟು ಯಾಕೆ ಕೆಳಗಿರುತ್ತದೆ? ಕಾರಣ ಒಂದೇ. ಸೀಟಿನ ಮೇಲೆ ಕೂತೇ ಎರಡೂ ಕಾಲು ನೆಲಕ್ಕೆ ಊರಬೇಕು ಅನ್ನುವ ಆಸೆ. ಸಿಗ್ನಲ್‌ನಲ್ಲಿ ಸ್ಕೂಟರ್ ನಿಲ್ಲಿಸಿ ಅಭ್ಯಾಸ ಆಗಿದೆ, ಸೈಕಲ್ಲನ್ನೂ ಹಾಗೇ ನಿಲ್ಲಿಸಬೇಕು ಅನ್ನಿಸುತ್ತದೆ. ಅಂಗಡಿಯವರೂ ಹಾಗೇ ಸೆಟ್ ಮಾಡಿ ಕೊಡುತ್ತಾರೆ, ಗಿರಾಕಿಗೆ ಹೆದರಿಕೆ ಆಗಬಾರದಲ್ವಾ. ಆದರೆ ಸೈಕಲ್ಲಿನ ಲೆಕ್ಕ ಬೇರೆ. ಇಲ್ಲಿ ಇಂಜಿನ್ ನಿಮ್ಮ ಕಾಲು. ಕಾಲು ಪೂರ್ತಿ ಚಾಚೋಕೆ ಜಾಗ ಇಲ್ಲದಿದ್ದರೆ ಪ್ರತಿ ಸುತ್ತಿನಲ್ಲೂ ಮಂಡಿ ಚಿಪ್ಪಿನ ಹಿಂದೆ ಒತ್ತಡ ಬೀಳುತ್ತದೆ. ಒಂದು ಗಂಟೆಯಲ್ಲಿ ಕಾಲು ನಾಲ್ಕು ಸಾವಿರ ಸುತ್ತು ತಿರುಗುವುದು ಸಾಮಾನ್ಯ. ಆ ಒತ್ತಡ ಅಷ್ಟು ಸಲ ಬಿದ್ದರೆ ಇಪ್ಪತ್ತರ ಹುಡುಗನಿಗೂ ನೋವು ಬರುತ್ತದೆ. ವಯಸ್ಸಿನ ಮಾತೇ ಅಲ್ಲ.

ಒಂದು ವಿಷಯ ನೋಡಿ. ಹಳೇ ಕಪ್ಪು ಸೈಕಲ್ ತುಳಿಯುವ ಹಾಲಿನವರು, ಪೇಪರ್ ಹಾಕುವವರು, ಹಳ್ಳಿಯಿಂದ ಬರುವ ಹಿರಿಯರು ಸಾಮಾನ್ಯವಾಗಿ ಚೆನ್ನಾಗಿ ಎತ್ತರದಲ್ಲೇ ಕೂತಿರುತ್ತಾರೆ. ಅವರು ಎಡಗಾಲು ಪೆಡಲ್ ಮೇಲಿಟ್ಟು, ಬಲಗಾಲಲ್ಲಿ ನೆಲ ಒದ್ದು, ಸೈಕಲ್ ಉರುಳಿದ ಮೇಲೆ ಕಾಲು ಬೀಸಿ ಹತ್ತುವವರು. ಇಳಿಯುವುದೂ ಹಾಗೇ. ಸೀಟಿನ ಮೇಲೆ ಕೂತು ನೆಲ ಮುಟ್ಟುವ ಪ್ರಶ್ನೆಯೇ ಅವರಿಗೆ ಇಲ್ಲ. ಬಾಲ್ಯದಲ್ಲಿ ಅಪ್ಪನ ಸೈಕಲ್ಲಿನಲ್ಲಿ ಒಳಪೆಡಲ್ ಹೊಡೆದು ಕಲಿತವರಿಗೂ ಈ ಹೆದರಿಕೆ ಕಡಿಮೆ. ಗೇರ್ ಸೈಕಲ್ ತಗೊಂಡ ನಾವೇ ಇದನ್ನು ಮರೆತಿದ್ದೇವೆ.

ಹಾಗಾಗಿ ಸೀಟು ಎತ್ತರಿಸುವುದಕ್ಕೆ ಮುಂಚೆ ನಿಲ್ಲಿಸುವುದು ಹೇಗೆ ಅಂತ ಕಲಿಯಬೇಕು. ಇದನ್ನು ಬಿಟ್ಟು ಬರೀ ಸೀಟು ಎತ್ತರಿಸಿದರೆ ಹೆದರಿಕೆಯಾಗಿ ಮಾರನೇ ದಿನವೇ ಕೆಳಗಿಳಿಸುತ್ತೀರಿ. ಬ್ರೇಕ್ ಹಿಡಿದು ವೇಗ ತಗ್ಗಿಸಿ. ಒಂದು ಪೆಡಲ್ ಪೂರ್ತಿ ಕೆಳಗೆ ಬರಲಿ, ಎಡಗಡೆಯದು ಅಂತ ಇಟ್ಟುಕೊಳ್ಳಿ. ಆ ಎಡಗಾಲಿನ ಮೇಲೆ ನಿಂತುಕೊಳ್ಳಿ. ಸೊಂಟವನ್ನು ಸೀಟಿನಿಂದ ಎತ್ತಿ ಮುಂದಕ್ಕೆ, ಹ್ಯಾಂಡಲ್‌ಗೂ ಸೀಟಿಗೂ ಮಧ್ಯೆ ತನ್ನಿ. ಸೈಕಲ್ ನಿಲ್ಲುವ ಕ್ಷಣಕ್ಕೆ ಬಲಗಡೆ ಸ್ವಲ್ಪ ವಾಲಿಸಿ ಬಲಗಾಲನ್ನು ನೆಲಕ್ಕೆ ಇಡಿ. ಆಯಿತು. ಹೊರಡುವಾಗ ಇದೇ ಉಲ್ಟಾ. ಫ್ರೇಮಿನ ಆಚೆ ಈಚೆ ಕಾಲು ಹಾಕಿ ನಿಂತು, ಒಂದು ಪೆಡಲನ್ನು ಮುಂದಕ್ಕೆ ಮೇಲಕ್ಕೆ ತಂದು, ಅದರ ಮೇಲೆ ಭಾರ ಹಾಕಿ ನಿಂತರೆ ಸೈಕಲ್ ಮುಂದೆ ಹೋಗುತ್ತದೆ, ನೀವು ಮೇಲೇಳುತ್ತೀರಿ, ಸೀಟು ಅಲ್ಲೇ ಸಿಗುತ್ತದೆ. ಖಾಲಿ ಮೈದಾನದಲ್ಲಿ ಅಥವಾ ಗಾಡಿ ಓಡಾಟ ಇಲ್ಲದ ಬಡಾವಣೆ ರಸ್ತೆಯಲ್ಲಿ ಒಂದು ಸಂಜೆ ಅಭ್ಯಾಸ ಮಾಡಿ. ಸೀರೆ ಉಡುವವರಿಗೆ, ಮಂಡಿ ಎತ್ತೋಕೆ ಕಷ್ಟ ಇರುವವರಿಗೆ ಮೇಲಿನ ಅಡ್ಡ ಪೈಪ್ ಇಲ್ಲದ ಲೇಡೀಸ್ ಫ್ರೇಮೇ ವಾಸಿ. ಗಂಡಸರೂ ಅದನ್ನು ತಗೊಳ್ಳಬಹುದು, ಸಂಕೋಚ ಬೇಡ.

ಈಗ ಎತ್ತರ. ಗೋಡೆ ಪಕ್ಕ ಸೈಕಲ್ ನಿಲ್ಲಿಸಿ, ಗೋಡೆ ಹಿಡಿದುಕೊಂಡು ಸೀಟಿನ ಮೇಲೆ ಕೂರಿ. ದಿನಾ ತುಳಿಯುವಾಗ ಹಾಕುವ ಚಪ್ಪಲಿಯೋ ಶೂವೋ ಅದನ್ನೇ ಹಾಕಿರಿ. ಪೆಡಲ್ ಪೂರ್ತಿ ಕೆಳಗಿರುವಾಗ ಅದರ ಮೇಲೆ ಹಿಮ್ಮಡಿ ಇಡಿ. ಕಾಲು ನೇರವಾಗಬೇಕು, ಸೊಂಟ ಮಾತ್ರ ಆ ಕಡೆ ವಾಲಬಾರದು. ಆ ಎತ್ತರಕ್ಕೆ ಸೀಟು ಬಿಗಿ ಮಾಡಿ. ತುಳಿಯುವಾಗ ನಾವು ಹಿಮ್ಮಡಿ ಇಡುವುದಿಲ್ಲ, ಪಾದದ ಮುಂಭಾಗ, ಅಂದರೆ ಬೆರಳುಗಳ ಹಿಂದಿನ ಗಟ್ಟಿ ಜಾಗ ಇಡುತ್ತೇವೆ. ಆಗ ಮಂಡಿಯಲ್ಲಿ ತಾನಾಗಿ ಸ್ವಲ್ಪ ಬಾಗು ಉಳಿಯುತ್ತದೆ, ಸುಮಾರು 25ರಿಂದ 35 ಡಿಗ್ರಿ. ಅಷ್ಟು ಬಾಗು ಬೇಕು.

ಅಳತೆಯಲ್ಲೇ ನಂಬಿಕೆ ಇರುವವರಿಗೆ ಇನ್ನೊಂದು ದಾರಿ ಇದೆ. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ಒಂದು ದಪ್ಪ ರಟ್ಟಿನ ಪುಸ್ತಕವನ್ನು ತೊಡೆಸಂದಿಗೆ ಒತ್ತಿ ಹಿಡಿದು, ಪುಸ್ತಕದ ಮೇಲಂಚಿನಿಂದ ನೆಲದ ತನಕ ಟೇಪ್ ಹಿಡಿಯಿರಿ. ಆ ಸೆಂಟಿಮೀಟರನ್ನು 0.883ರಿಂದ ಗುಣಿಸಿ. 78 ಸೆಂಟಿಮೀಟರ್ ಬಂದರೆ ಲೆಕ್ಕ 69ರ ಹತ್ತಿರ ಬರುತ್ತದೆ. ಎರಡೂ ಪೆಡಲ್‌ಗಳ ಕಡ್ಡಿ ಬಂದು ಸೇರುವ, ಫ್ರೇಮಿನ ಕೆಳಗಿನ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಭಾಗದ ತನಕ, ಸೀಟಿನ ಪೈಪಿನ ಜೊತೆಗೇ ಅಳೆದರೆ ಅಷ್ಟಿರಬೇಕು. 1986, 1989, 1990ರಲ್ಲಿ ಟೂರ್ ಡಿ ಫ್ರಾನ್ಸ್ ಗೆದ್ದ ಅಮೆರಿಕದ ಗ್ರೆಗ್ ಲೆಮಾಂಡ್ ಹೆಸರಿನಲ್ಲಿ ಓಡಾಡುವ ಲೆಕ್ಕ ಇದು. ರೇಸಿನವರಿಗೆ ಮಾಡಿದ ಲೆಕ್ಕ ಆದ್ದರಿಂದ ನಮಗೆ ಸ್ವಲ್ಪ ಜಾಸ್ತಿ ಅನ್ನಿಸಬಹುದು, ಒಂದು ಸೆಂಟಿಮೀಟರ್ ಕಡಿಮೆ ಇಟ್ಟುಕೊಂಡರೂ ನಷ್ಟವಿಲ್ಲ. ನನಗೆ ಹಿಮ್ಮಡಿ ವಿಧಾನವೇ ಇಷ್ಟ. ಟೇಪು, ಪುಸ್ತಕ, ಕ್ಯಾಲ್ಕುಲೇಟರ್ ಯಾವುದೂ ಬೇಡ.

ತುಂಬಾ ದಿನದಿಂದ ಕೆಳಗೆ ಕೂತು ಅಭ್ಯಾಸ ಆಗಿದ್ದರೆ ಒಂದೇ ಸಲ ಮೂರು ಇಂಚು ಎತ್ತಬೇಡಿ. ಎರಡು ಮೂರು ದಿನಕ್ಕೊಮ್ಮೆ ಒಂದೊಂದು ಸೆಂಟಿಮೀಟರ್ ಎತ್ತುತ್ತಾ ಹೋಗಿ. ಸೀಟಿನ ಪೈಪ್ ಮೇಲೆ ಅಡ್ಡಗೆರೆಗಳ ಗುರುತು ಇರುತ್ತದೆ, ಪೈಪ್ ಕನಿಷ್ಠ ಅಲ್ಲಿಯ ತನಕ ಒಳಗಿರಬೇಕು. ಅದು ಕಾಣಿಸುವಷ್ಟು ಎತ್ತಿದರೆ ಪೈಪ್ ಮುರಿಯಬಹುದು, ಫ್ರೇಮೂ ಸೀಳಬಹುದು. ಅಷ್ಟು ಎತ್ತಬೇಕಾಗಿ ಬಂದರೆ ಉದ್ದದ ಪೈಪ್ ಹಾಕಿಸಿ, ಇಲ್ಲವೇ ಆ ಫ್ರೇಮು ನಿಮಗೆ ಚಿಕ್ಕದು. ಸರಿಯಾದ ಎತ್ತರ ಸಿಕ್ಕಿದ ಮೇಲೆ ಪೈಪಿಗೆ ಇನ್ಸುಲೇಷನ್ ಟೇಪಿನ ಒಂದು ಸುತ್ತು ಹಾಕಿ ಗುರುತು ಮಾಡಿ. ಮಗ ತುಳಿದು ಬಂದು ಸೀಟು ಇಳಿಸಿಟ್ಟರೂ ಮತ್ತೆ ಅಲ್ಲಿಗೇ ತರಬಹುದು. ಬಾಡಿಗೆ ಸೈಕಲ್ ತಗೊಂಡಾಗಲೂ ಸೀಟು ಸರಿ ಮಾಡಿಕೊಳ್ಳಿ. ಮೈಸೂರಿನಲ್ಲಿ 2017ರಲ್ಲಿ ಟ್ರಿಣ್ ಟ್ರಿಣ್ ಅನ್ನುವ ಬಾಡಿಗೆ ಸೈಕಲ್ ವ್ಯವಸ್ಥೆ ಶುರುವಾದಾಗಿನಿಂದ ನೋಡುತ್ತಿದ್ದೇನೆ, ಹಿಂದೆ ತುಳಿದವರು ಬಿಟ್ಟ ಎತ್ತರದಲ್ಲೇ ಹತ್ತಿ ಹೊರಟುಬಿಡುವವರೇ ಜಾಸ್ತಿ. ಸೈಕಲ್ ಪಕ್ಕ ನಿಂತಾಗ ಸೀಟು ಸೊಂಟದ ಮೂಳೆಯ ಹತ್ತಿರಕ್ಕೆ ಬಂದರೆ ಹೆಚ್ಚುಕಮ್ಮಿ ಸರಿ.

ನೋವು ಎಲ್ಲಿದೆ ಅನ್ನುವುದು ಬಹಳಷ್ಟು ಹೇಳುತ್ತದೆ. ಮಂಡಿಯ ಮುಂದೆ, ಚಿಪ್ಪಿನ ಸುತ್ತ ನೋವಿದ್ದರೆ ಸಾಮಾನ್ಯವಾಗಿ ಸೀಟು ಕೆಳಗಿದೆ, ಇಲ್ಲವೇ ತುಂಬಾ ಮುಂದಿದೆ. ಮಂಡಿಯ ಹಿಂದೆ ನೋವಿದ್ದರೆ ಸೀಟು ಜಾಸ್ತಿ ಮೇಲಿದೆ. ಹಿಂದಿನಿಂದ ನೋಡುವವರಿಗೆ ನಿಮ್ಮ ಸೊಂಟ ಆಚೆ ಈಚೆ ಆಡುತ್ತಿದ್ದರೂ ಅದೇ, ಜಾಸ್ತಿ ಮೇಲಿದೆ. ಕೈಯ ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿದರೆ ಅಂಗೈ ಬುಡದಲ್ಲಿ ಹಾದುಹೋಗುವ ನರದ ಮೇಲೆ ಭಾರ ಬೀಳುತ್ತಿದೆ ಅಂತ. ಆಗ ಮೊದಲು ನೋಡಬೇಕಾದ್ದು ಸೀಟಿನ ಮೂತಿ. ಅದು ಕೆಳಗೆ ಬಾಗಿದ್ದರೆ ಮೈ ಮುಂದಕ್ಕೆ ಜಾರುತ್ತಲೇ ಇರುತ್ತದೆ, ತಡೆಯುವ ಕೆಲಸ ಕೈಗೆ ಬೀಳುತ್ತದೆ. ಮೂತಿ ಮೇಲೆ ಎದ್ದಿದ್ದರೆ ಕೈಗೆ ಆರಾಮ, ಆದರೆ ತೊಡೆಸಂದಿ ಜೋಮು ಹಿಡಿಯುತ್ತದೆ. ಅದನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ, ಸುಮ್ನೆ ಸಹಿಸಿಕೊಳ್ಳುತ್ತಾರೆ. ಸಹಿಸಬೇಡಿ. ಸೀಟನ್ನು ಮಟ್ಟವಾಗಿ ಇಡಿ, ಬೇಕಿದ್ದರೆ ಅದರ ಮೇಲೆ ಮೊಬೈಲ್ ಇಟ್ಟು ಅದರ ಲೆವೆಲ್ ಆಪ್‌ನಲ್ಲಿ ನೋಡಿ. ಇಷ್ಟೆಲ್ಲ ಸರಿ ಮಾಡಿ ಎರಡು ವಾರವಾದರೂ ನೋವು ಹೋಗದಿದ್ದರೆ, ಅಥವಾ ಮಂಡಿ ಊದಿದ್ದರೆ, ಡಾಕ್ಟರ್ ಹತ್ತಿರ ಹೋಗಿ.

ಕುಂಡೆ ನೋವಿಗೆ ಜೆಲ್ ಕವರ್ ಹಾಕಿಕೊಳ್ಳುವವರು ತುಂಬಾ ಜನ. ಮೊದಲ ಹತ್ತು ನಿಮಿಷ ಮೆತ್ತಗಿರುತ್ತದೆ ನಿಜ. ಆಮೇಲೆ ಕೂರುವ ಎರಡು ಮೂಳೆಗಳು ಅದರೊಳಗೆ ಇಳಿದು, ಮಧ್ಯದ ಮೆತ್ತೆ ಮೇಲೆದ್ದು ಒತ್ತಬಾರದ ಜಾಗಕ್ಕೆ ಒತ್ತುತ್ತದೆ. ಆ ಎರಡು ಮೂಳೆಗಳಿಗೆ ಗಟ್ಟಿ ಆಸರೆ ಕೊಡುವಷ್ಟು ಅಗಲ ಇರುವ ಸೀಟು ಬೇಕು. ಹೆಂಗಸರಿಗೆ ಸಾಮಾನ್ಯವಾಗಿ ಸ್ವಲ್ಪ ಅಗಲ ಜಾಸ್ತಿ ಬೇಕಾಗುತ್ತದೆ. ಹೊಸದಾಗಿ ಶುರು ಮಾಡಿದವರಿಗೆ ಮೊದಲ ಒಂದೆರಡು ವಾರ ಹೇಗಿದ್ದರೂ ನೋಯುತ್ತದೆ, ಅಷ್ಟರಲ್ಲೇ ಸೀಟು ಬದಲಾಯಿಸಲು ಓಡಬೇಡಿ.

ಹ್ಯಾಂಡಲ್ ವಿಷಯದಲ್ಲಿ ನನ್ನ ಅಭಿಪ್ರಾಯ ಸರಳ. ಆರಾಮಾಗಿ ತುಳಿಯುವವರಿಗೆ ಹ್ಯಾಂಡಲ್ ಸೀಟಿನ ಮಟ್ಟಕ್ಕಾದರೂ ಇರಲಿ, ಸ್ವಲ್ಪ ಮೇಲಿದ್ದರೆ ಇನ್ನೂ ಒಳ್ಳೆಯದು. ಮೊಣಕೈ ಸ್ವಲ್ಪ ಮಡಚಿರಬೇಕು, ಭುಜ ಕಿವಿಗೆ ಏರಿರಬಾರದು. ಹಳೇ ಮಾದರಿಯಲ್ಲಿ ಮೇಲಿನ ಬೋಲ್ಟ್ ಎರಡು ಸುತ್ತು ಸಡಿಲ ಮಾಡಿ, ಮರದ ತುಂಡಿಟ್ಟು ಮೆಲ್ಲಗೆ ತಟ್ಟಿದರೆ ಹ್ಯಾಂಡಲ್ ಮೇಲೆ ಬರುತ್ತದೆ. ಅಲ್ಲೂ ಗೆರೆಯ ಗುರುತು ಇದೆ, ದಾಟಬೇಡಿ. ಹೊಸ ಮಾದರಿಯಲ್ಲಿ ಹಾಗೆ ಎತ್ತೋಕೆ ಆಗಲ್ಲ, ಅದರ ಕೆಳಗಿರುವ ಬಳೆಗಳನ್ನು ಮೇಲೆ ಕೆಳಗೆ ಮಾಡಬೇಕು, ಇಲ್ಲವೇ ಮೇಲಕ್ಕೆ ಬಾಗಿರುವ ಸ್ಟೆಮ್, ಅಂದರೆ ಹ್ಯಾಂಡಲ್ ಹಿಡಿದಿರುವ ತುಂಡು, ಹಾಕಿಸಬೇಕು. ಇದನ್ನು ಅಂಗಡಿಯಲ್ಲೇ ಮಾಡಿಸಿ.

ಸೈಕಲ್ ಕೊಳ್ಳುವವರಿಗೂ ಒಂದು ಮಾತು, ಯಾಕೆಂದರೆ ಎಡವಟ್ಟು ಅಲ್ಲೇ ಶುರುವಾಗುತ್ತದೆ. ಹಿಂದೆ ಅಂಗಡಿಯಲ್ಲಿ "ಇಪ್ಪತ್ತೆರಡು ಇಂಚಾ, ಇಪ್ಪತ್ತನಾಲ್ಕಾ?" ಅಂತ ಕೇಳುತ್ತಿದ್ದರು. ಅದು ಫ್ರೇಮಿನ ಅಳತೆ. ಚಕ್ರ ಎರಡರಲ್ಲೂ 28 ಇಂಚೇ. ಈಗ "26, 27.5, 29" ಅನ್ನುತ್ತಾರಲ್ಲ, ಅದು ಚಕ್ರದ ಅಳತೆ. ಅದರಿಂದ ಸೈಕಲ್ ನಿಮಗೆ ಹೊಂದುತ್ತದೋ ಇಲ್ಲವೋ ಗೊತ್ತಾಗುವುದಿಲ್ಲ. ಆನ್‌ಲೈನಿನಲ್ಲಿ "26 ಇಂಚು, ದೊಡ್ಡವರಿಗೆ" ಅಂತ ಮಾತ್ರ ಬರೆದಿರುವ ಸೈಕಲ್ ಎಷ್ಟೋ ಇವೆ, ಫ್ರೇಮಿನ ಅಳತೆಯೇ ಇರುವುದಿಲ್ಲ. ಅಂಥದ್ದನ್ನು ತಗೊಳ್ಳಬೇಡಿ. ಅಂಗಡಿಗೆ ಹೋಗಿ, ಫ್ರೇಮಿನ ಅಡ್ಡ ಪೈಪಿನ ಆಚೆ ಈಚೆ ಕಾಲು ಹಾಕಿ ನಿಂತು, ಪೈಪಿಗೂ ನಿಮಗೂ ಮಧ್ಯೆ ಎರಡು ಬೆರಳಿನಷ್ಟಾದರೂ ಜಾಗ ಇದೆಯಾ ನೋಡಿ. ಆಮೇಲೆ ಸೀಟು ಸರಿಯಾದ ಎತ್ತರಕ್ಕೆ ಹಾಕಿಸಿ, ಒಂದು ಸುತ್ತು ತುಳಿದು ಬನ್ನಿ. ಇನ್ನೊಂದು ವಿಷಯ. ಡಬ್ಬದಲ್ಲಿ ಬಂದ ಸೈಕಲ್ಲನ್ನು ಮನೆಯಲ್ಲೇ ಜೋಡಿಸಿ ಮುಂದಿನ ಚಕ್ರ ಹಿಡಿದಿರುವ ಫೋರ್ಕನ್ನು ಹಿಂದೆಮುಂದೆ ಹಾಕಿ ಓಡಿಸುವವರನ್ನು ರಸ್ತೆಯಲ್ಲಿ ಈಗಲೂ ನೋಡುತ್ತೇನೆ. ಫೋರ್ಕಿನ ಬಾಗು ಮುಂದಕ್ಕಿರಬೇಕು. ಉಲ್ಟಾ ಇದ್ದರೆ ಹ್ಯಾಂಡಲ್ ಅಳ್ಳಾಡುತ್ತದೆ, ತಿರುವಿನಲ್ಲಿ ಕಾಲಿನ ತುದಿ ಚಕ್ರಕ್ಕೆ ತಾಗುತ್ತದೆ. ಅಂಥವರು ಸಿಕ್ಕರೆ ದಯವಿಟ್ಟು ನಿಲ್ಲಿಸಿ ಹೇಳಿ.

ಗೇರಿನ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಗಟ್ಟಿ ಗೇರಿನಲ್ಲಿ ತಿಣುಕಿ ತುಳಿದರೆ ವ್ಯಾಯಾಮ ಚೆನ್ನಾಗಿ ಆಗುತ್ತದೆ ಅನ್ನುವ ನಂಬಿಕೆ ಇದೆ. ಆಗುವುದು ಮಂಡಿಗೆ ಏಟು. ನಿಮಿಷಕ್ಕೆ ಎಪ್ಪತ್ತು ಎಂಬತ್ತು ಸುತ್ತು ಹಗುರವಾಗಿ ತಿರುಗುವಂಥ ಗೇರಿನಲ್ಲಿರಿ. ಏರು ಬರುವುದಕ್ಕೆ ಮುಂಚೆಯೇ ಗೇರ್ ಇಳಿಸಿ, ಏರಿನ ಮಧ್ಯದಲ್ಲಿ ಭಾರ ಹಾಕಿ ತುಳಿಯುತ್ತಾ ಬದಲಾಯಿಸಿದರೆ ಚೈನು ಕಟಕಟ ಅನ್ನುತ್ತದೆ, ಕೆಲವು ಸಲ ತುಂಡಾಗುತ್ತದೆ.

ಗಾಳಿ. ರಬ್ಬರ್ ಟ್ಯೂಬಿನಿಂದ ಗಾಳಿ ತಾನಾಗಿ ಸೋರುತ್ತದೆ, ಪಂಚರ್ ಆಗಬೇಕಿಲ್ಲ. ವಾರಕ್ಕೊಮ್ಮೆ ಹೊಡೆಯಲೇಬೇಕು. ಮೀಟರ್ ಇರುವ, ಕಾಲಲ್ಲಿ ಅದುಮಿ ನಿಲ್ಲುವ ಪಂಪ್ ಒಂದನ್ನು ಮನೆಗೆ ತನ್ನಿ. ಸೈಕಲ್‌ಗೆ ಖರ್ಚು ಮಾಡುವ ದುಡ್ಡಿನಲ್ಲಿ ಇಷ್ಟು ಉಪಯೋಗ ಕೊಡುವುದು ಇನ್ನೊಂದಿಲ್ಲ. ಎಷ್ಟು ಹೊಡೆಯಬೇಕು ಅನ್ನುವುದು ಟಯರ್ ಪಕ್ಕದಲ್ಲೇ ಅಚ್ಚಾಗಿದೆ. ಅಲ್ಲಿ ಎರಡು ಅಂಕಿ ಇದ್ದರೆ ಅವುಗಳ ಮಧ್ಯೆ ಇರಿ. ಅರವತ್ತೈದು ಎಪ್ಪತ್ತು ಕೆಜಿ ಇರುವವರಿಗೆ, 26 ಇಂಚಿನ ದಪ್ಪ ಟಯರ್ ಆದರೆ 35ರಿಂದ 45 ಪಿಎಸ್‌ಐ (ಪಂಪಿನ ಮೀಟರ್ ತೋರಿಸುವ ಗಾಳಿ ಒತ್ತಡದ ಅಳತೆ), 35-38 ಮಿಲಿಮೀಟರ್ ಅಗಲದ ಹೈಬ್ರಿಡ್ ಟಯರ್ ಆದರೆ 50ರಿಂದ 60, ತೆಳ್ಳಗಿನ ರೇಸ್ ಟಯರ್ ಆದರೆ 85-95 ಹತ್ತಿರ. ಹಿಂದಿನ ಚಕ್ರದ ಮೇಲೆ ಭಾರ ಜಾಸ್ತಿ, ಅದಕ್ಕೆ ಐದು ಪಿಎಸ್‌ಐ ಜಾಸ್ತಿ ಇರಲಿ. ಕಲ್ಲಿನ ಹಾಗೆ ಗಟ್ಟಿ ಮಾಡಿದರೆ ವೇಗ ಬರುತ್ತದೆ ಅಂತ ತಿಳಿಯಬೇಡಿ. ನಮ್ಮ ರಸ್ತೆಗಳಲ್ಲಿ ಸೈಕಲ್ ಕುಪ್ಪಳಿಸುತ್ತದೆ, ಕೈ ಸೊಂಟ ನೋಯುತ್ತದೆ. ಪೆಟ್ರೋಲ್ ಬಂಕಿನ ಕಂಪ್ರೆಸರ್‌ನಲ್ಲಿ ಹೊಡೆಸುವವರು ಹುಷಾರಾಗಿರಿ, ಸೈಕಲ್ ಟ್ಯೂಬ್ ಚಿಕ್ಕದು, ಕಣ್ಣು ಮಿಟುಕಿಸುವಷ್ಟರಲ್ಲಿ ಸಿಡಿಯಬಹುದು.

ಕಡಿಮೆ ಗಾಳಿಯಲ್ಲಿ ಓಡಿಸಿದರೆ ಹಳ್ಳಕ್ಕೆ ಬಿದ್ದಾಗ ಟ್ಯೂಬು ರಿಮ್ಮಿಗೂ ಕಲ್ಲಿಗೂ ಮಧ್ಯೆ ಸಿಕ್ಕಿ ಅಕ್ಕಪಕ್ಕ ಎರಡು ತೂತು ಬೀಳುತ್ತವೆ. ಹಾಗೆ ಜೋಡಿ ತೂತು ಕಂಡರೆ ಅದು ಮುಳ್ಳಲ್ಲ, ಗಾಳಿ ಕಡಿಮೆ ಇತ್ತು ಅಂತಲೇ ಅರ್ಥ. ಒಂದೇ ತೂತು ಇದ್ದರೆ ಮುಳ್ಳೋ ತಂತಿಯೋ ಚುಚ್ಚಿರುತ್ತದೆ. ಬಯಲುಸೀಮೆಯಲ್ಲಿ ತುಳಿಯುವವರಿಗೆ ಬಳ್ಳಾರಿ ಜಾಲಿ ಮುಳ್ಳಿನ ಬಗ್ಗೆ ಹೇಳಬೇಕಾಗಿಲ್ಲ. ಪ್ಯಾಚ್ ಹಾಕಿದ ಮೇಲೆ ಟಯರಿನ ಒಳಗೆ ಹತ್ತಿ ಅಥವಾ ಹಳೇ ಬನಿಯನ್ ಬಟ್ಟೆ ಆಡಿಸಿ ನೋಡಿ, ಮುಳ್ಳಿನ ತುದಿ ಉಳಿದಿದ್ದರೆ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ. ಇದನ್ನು ಬಿಟ್ಟರೆ ಮುಂದಿನ ತಿರುವಿನಲ್ಲೇ ಮತ್ತೆ ಪಂಚರ್. ಪ್ಯಾಚ್ ನಿಲ್ಲುವುದಿಲ್ಲ ಅನ್ನುವವರು ಸಾಮಾನ್ಯವಾಗಿ ಅವಸರ ಮಾಡಿರುತ್ತಾರೆ. ಉಪ್ಪುಕಾಗದದಲ್ಲಿ ಹೊಳಪು ಹೋಗುವ ತನಕ ಉಜ್ಜಿ, ಸಲ್ಯೂಷನ್ ತೆಳ್ಳಗೆ ಸವರಿ, ಅದು ಒಣಗುವ ತನಕ ಕಾಯಿರಿ. ಕಾಯಬೇಕು. ಬೆರಳಿಗೆ ಅಂಟದಷ್ಟು ಆದ ಮೇಲೆ ಪ್ಯಾಚ್ ಒತ್ತಿ. ಹಳೇ ಮಾದರಿಯ ವಾಲ್ವ್ ಇರುವ ಸೈಕಲ್ ಆದರೆ ಚಕ್ರ ಬಿಚ್ಚುವ ಮುಂಚೆ ವಾಲ್ವ್ ಬಾಯಿಗೆ ಒಂದು ಹನಿ ನೀರು ಬಿಡಿ. ಗುಳ್ಳೆ ಬಂದರೆ ಒಳಗಿನ ವಾಲ್ವ್ ಟ್ಯೂಬ್ ಸವೆದಿದೆ, ಅದನ್ನು ಬದಲಾಯಿಸಿದರೆ ಸಾಕು.

ಚೈನಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಇಲ್ಲಿ ಎರಡು ಥರದ ಜನ ಇದ್ದಾರೆ. ಎಣ್ಣೆಯನ್ನೇ ಹಾಕದವರು, ಸುರಿಯುವವರು. ಚೈನಿಗೆ ಎಣ್ಣೆ ಬೇಕಿರುವುದು ಹೊರಗಲ್ಲ, ಕೊಂಡಿಗಳನ್ನು ಜೋಡಿಸುವ ಪಿನ್ನಿಗೂ ಅದರ ಸುತ್ತ ತಿರುಗುವ ರೋಲರಿಗೂ ಮಧ್ಯೆ. ಹೊರಗೆ ಉಳಿದ ಎಣ್ಣೆ ಧೂಳು ಹಿಡಿಯುತ್ತದೆ, ಆ ಧೂಳು ಎಣ್ಣೆಯ ಜೊತೆ ಸೇರಿ ಕಪ್ಪು ಹಿಟ್ಟಾಗಿ ಚೈನನ್ನೂ ಹಲ್ಲನ್ನೂ ಅರೆಯುತ್ತದೆ. ಮಾಡಬೇಕಾದ್ದು ಇಷ್ಟು. ಬಟ್ಟೆಯಲ್ಲಿ ಚೈನು ಹಿಡಿದು ಪೆಡಲ್ ಹಿಂದಕ್ಕೆ ತಿರುಗಿಸುತ್ತಾ ಕೊಳೆ ಒರೆಸಿ. ತುಂಬಾ ಕಪ್ಪಾಗಿದ್ದರೆ ಬ್ರಷ್ಷಿಗೆ ಸ್ವಲ್ಪ ಡೀಸೆಲ್ ಹಚ್ಚಿ ಉಜ್ಜಿ, ಒರೆಸಿ, ಒಣಗಲು ಬಿಡಿ. ಆಮೇಲೆ ಒಂದೊಂದು ರೋಲರ್ ಮೇಲೆ ಒಂದೊಂದೇ ಹನಿ ಎಣ್ಣೆ. ಎಲ್ಲ ಆದ ಮೇಲೆ ಇಪ್ಪತ್ತು ಸುತ್ತು ತಿರುಗಿಸಿ, ಐದು ನಿಮಿಷ ಬಿಟ್ಟು, ಹೊರಗಿನ ಎಣ್ಣೆಯನ್ನು ಪೂರ್ತಿ ಒರೆಸಿಬಿಡಿ. ಮುಟ್ಟಿದರೆ ಕೈಗೆ ಹೆಚ್ಚು ಅಂಟಬಾರದು.

ಕೊಬ್ಬರಿ ಎಣ್ಣೆ ಬೇಡ. ಅದು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ, ನಮ್ಮ ಡಿಸೆಂಬರ್ ಬೆಳಗಿನಲ್ಲಿ ಬಾಟಲಿಯಲ್ಲೇ ನೋಡಿರುತ್ತೀರಿ. ಗ್ಯಾರೇಜಿನ ಸುಟ್ಟ ಆಯಿಲ್ ಬೇಡವೇ ಬೇಡ, ಅದರಲ್ಲಿ ಇಂಜಿನ್ನಿನ ಲೋಹದ ಪುಡಿ ಇರುತ್ತದೆ. ಡಬ್ಲ್ಯೂಡಿ-40 ಹೊಡೆದು ಸುಮ್ಮನಾಗುವವರೂ ಇದ್ದಾರೆ. ಆ ಸಾಮಾನ್ಯ ಸ್ಪ್ರೇ ತುಕ್ಕು ಬಿಡಿಸಲು, ನೀರು ಓಡಿಸಲು ಒಳ್ಳೆಯದು, ಚೈನಿಗೆ ಎಣ್ಣೆಯಾಗಿ ನಿಲ್ಲುವಷ್ಟು ಅದರಲ್ಲಿ ಶಕ್ತಿ ಇಲ್ಲ. ಸೈಕಲ್ ಚೈನಿಗೆ ಅಂತಲೇ ಬರುವ ಸಣ್ಣ ಬಾಟಲಿ ತಗೊಳ್ಳಿ, ದಿನಾ ತುಳಿದರೂ ತಿಂಗಳುಗಟ್ಟಲೆ ಬರುತ್ತದೆ. ಮಂಗಳೂರು, ಉಡುಪಿ, ಮಲೆನಾಡಿನವರು ಮಳೆಗೆ ನಿಲ್ಲುವ, ವೆಟ್ ಲ್ಯೂಬ್ ಅನ್ನುವ ಚೈನ್ ಎಣ್ಣೆ ಹಾಕಿ. ಅಲ್ಲಿ ಆಷಾಢದಲ್ಲಿ ಒಂದು ರಾತ್ರಿ ನೆನೆದ ಚೈನು ಬೆಳಿಗ್ಗೆ ಕೆಂಪಾಗಿರುತ್ತದೆ, ಒದ್ದೆ ಸೈಕಲ್ಲನ್ನು ಒರೆಸದೆ ಮಲಗಬೇಡಿ. ವಿಜಯಪುರ, ಬಳ್ಳಾರಿ, ರಾಯಚೂರಿನ ಧೂಳಿಗೆ ಡ್ರೈ ಲ್ಯೂಬ್ ಸರಿ.

ಚೈನು ಸವೆದಿದೆಯಾ ಅಂತ ಸ್ಟೀಲ್ ಸ್ಕೇಲಿನಲ್ಲೇ ನೋಡಬಹುದು. ಒಂದು ಪಿನ್ನಿನ ನಡುವಿಗೆ ಸೊನ್ನೆ ಇಟ್ಟು 12 ಇಂಚಿನ ಹತ್ತಿರ ನೋಡಿ. ಹೊಸ ಚೈನಿನಲ್ಲಿ 24ನೇ ಪಿನ್ನು ಸರಿಯಾಗಿ 12 ಇಂಚಿಗೆ ಬರುತ್ತದೆ. ಒಂದು ಇಂಚಿನ ಹದಿನಾರನೇ ಒಂದು ಭಾಗ ಆಚೆ ಹೋಗಿದ್ದರೆ ಚೈನು ಬದಲಾಯಿಸಿ. ಎಂಟನೇ ಒಂದು ಭಾಗ ಹೋಗಿದ್ದರೆ ಹಿಂದಿನ ಹಲ್ಲುಚಕ್ರಗಳೂ ಸವೆದಿರುತ್ತವೆ, ಹೊಸ ಚೈನು ಅದರ ಮೇಲೆ ಜಾರುತ್ತದೆ, ಎರಡಕ್ಕೂ ದುಡ್ಡು ಕೊಡಬೇಕಾಗುತ್ತದೆ.

ಬ್ರೇಕಿನಲ್ಲಿ ಒಂದು ಹೆದರಿಕೆ ಎಲ್ಲರಿಗೂ ಇದೆ, ಮುಂದಿನದು ಹಿಡಿದರೆ ಪಲ್ಟಿ ಅಂತ. ಅದಕ್ಕೆ ಬರೀ ಹಿಂದಿನ ಬ್ರೇಕಿನಲ್ಲೇ ಚಾಮುಂಡಿ ಬೆಟ್ಟ ಇಳಿಯುವವರಿದ್ದಾರೆ. ಬ್ರೇಕ್ ಹಿಡಿದ ಕೂಡಲೇ ಮೈಭಾರ ಮುಂದಕ್ಕೆ ಬರುತ್ತದೆ, ಹಿಂದಿನ ಚಕ್ರ ಹಗುರಾಗಿ ಜಾರುತ್ತದೆ. ನಿಲ್ಲಿಸುವ ಶಕ್ತಿ ಇರುವುದು ಮುಂದಿನದರಲ್ಲಿ. ಎರಡನ್ನೂ ಒಟ್ಟಿಗೆ, ಮೆಲ್ಲಗೆ ಒತ್ತುತ್ತಾ ಹೋಗಿ, ಸೊಂಟವನ್ನು ಸ್ವಲ್ಪ ಹಿಂದಕ್ಕೆ ಸರಿಸಿ. ಪಲ್ಟಿ ಆಗುವುದು ಮುಂದಿನದನ್ನು ಗಕ್ಕನೆ ಹಿಡಿದಾಗ. ನಮ್ಮಲ್ಲಿ ಸಾಮಾನ್ಯವಾಗಿ ಬಲಗೈಯದು ಮುಂದಿನ ಬ್ರೇಕು, ನಿಮ್ಮದರಲ್ಲಿ ಯಾವುದು ಅಂತ ಒಮ್ಮೆ ನೋಡಿಕೊಳ್ಳಿ. ಲಿವರ್ ಪೂರ್ತಿ ಎಳೆದಾಗ ಹ್ಯಾಂಡಲ್‌ಗೆ ತಾಗಿದರೆ ಕೇಬಲ್ ಸಡಿಲವಾಗಿದೆ, ಲಿವರ್ ಬುಡದಲ್ಲಿರುವ ಸಣ್ಣ ತಿರುಪನ್ನು ಹೊರಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ. ರಬ್ಬರ್ ಕಟ್ಟೆಗಳಲ್ಲಿ ಗೀರಿನಂಥ ಸಾಲುಗಳಿವೆ, ಅವು ಮಾಸಿದರೆ ಬದಲಾಯಿಸಿ. ಕೇಬಲ್ಲಿನ ಒಂದು ಎಳೆ ಬಿಟ್ಟುಕೊಂಡಿದ್ದರೂ ಅವತ್ತೇ ಹೊಸದು ಹಾಕಿಸಿ. ಡಿಸ್ಕ್ ಬ್ರೇಕಿನವರು ಚೈನಿಗೆ ಸ್ಪ್ರೇ ಹೊಡೆಯುವಾಗ ಡಿಸ್ಕಿಗೆ ಹನಿಯೂ ಬೀಳದ ಹಾಗೆ ನೋಡಿಕೊಳ್ಳಿ. ಎಣ್ಣೆ ಕುಡಿದ ಪ್ಯಾಡು ಹಿಡಿಯುವುದೇ ಇಲ್ಲ.

ಎಲ್ಲವನ್ನೂ ಮನೆಯಲ್ಲೇ ಮಾಡಬೇಕು ಅಂತಿಲ್ಲ. ರಿಮ್ಮಿನ ಬೆಂಡ್ ತೆಗೆಯುವುದು, ಕಡ್ಡಿ ಕಟ್ಟುವುದು, ಹಬ್ಬಿನ ಬಾಲ್ಸ್ ಬದಲಾಯಿಸಿ ಗ್ರೀಸ್ ತುಂಬುವುದು, ಇವನ್ನೆಲ್ಲ ಬೀದಿ ಕೊನೆಯ ಪಂಚರ್ ಅಂಗಡಿಯವರು ಬರೀ ಕಣ್ಣಳತೆಯಲ್ಲಿ ಮಾಡುತ್ತಾರೆ. ಫೋರ್ಕಿನಲ್ಲೇ ಚಕ್ರ ತಿರುಗಿಸಿ ಒಂದೊಂದೇ ಕಡ್ಡಿ ಬಿಗಿ ಮಾಡುತ್ತಾ ಹೋಗುವ ಆ ಕೆಲಸ ನೋಡುತ್ತಾ ನಿಂತರೆ ನನಗೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ. ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ, ಅವರ ಹತ್ತಿರ ಓವರಾಯಿಲ್ ಮಾಡಿಸಿ, ಚೌಕಾಸಿ ಮಾಡಬೇಡಿ. ಆಯಿಲ್ ಬ್ರೇಕ್, ಸಸ್ಪೆನ್ಷನ್ ಮಾತ್ರ ಅದರ ಸಾಮಾನು ಇರುವ ದೊಡ್ಡ ಅಂಗಡಿಗೆ ಕೊಡಿ. ಪೆಡಲ್ ನೀವೇ ಬಿಚ್ಚುವುದಾದರೆ ನೆನಪಿಡಿ, ಎಡಗಡೆಯದಕ್ಕೆ ಉಲ್ಟಾ ತಿರುಪು ಇರುತ್ತದೆ. ಪಾನಾ ಮೇಲಿಟ್ಟು ಸೈಕಲ್ಲಿನ ಹಿಂದಿನ ಚಕ್ರದ ಕಡೆಗೆ ತಿರುಗಿಸಿದರೆ ಎರಡೂ ಬಿಚ್ಚಿಕೊಳ್ಳುತ್ತವೆ.

ಕೊನೆಗೆ ಒಂದು ಕೋರಿಕೆ. ನಮ್ಮ ರಾಜ್ಯದಲ್ಲಿ 2006-07ರಲ್ಲಿ ಸರ್ಕಾರಿ ಶಾಲೆಯ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡುವುದು ಶುರುವಾಯಿತು. ಆ ವಯಸ್ಸಿನ ಮಕ್ಕಳು ಹತ್ತನೇ ಕ್ಲಾಸಿಗೆ ಬರುವಷ್ಟರಲ್ಲಿ ಎಷ್ಟು ಬೆಳೆದಿರುತ್ತಾರೆ ನೋಡಿ. ಸೀಟು ಮಾತ್ರ ಎಂಟನೇ ಕ್ಲಾಸಿನಲ್ಲಿ ಬಿಗಿ ಮಾಡಿದ ಜಾಗದಲ್ಲೇ ಇರುತ್ತದೆ. ಬೆನ್ನಿಗೆ ಭಾರದ ಬ್ಯಾಗು, ಮಂಡಿ ಹ್ಯಾಂಡಲ್‌ಗೆ ತಾಗುತ್ತಾ, ದಿನಾ ನಾಲ್ಕೈದು ಕಿಲೋಮೀಟರ್. ನಿಮ್ಮ ಬೀದಿಯಲ್ಲಿ, ನಿಮ್ಮ ಊರಿನಲ್ಲಿ ಅಂಥ ಸೈಕಲ್ ಕಂಡರೆ ಪಾನಾ ತಗೊಂಡು ಹೋಗಿ. ಸೀಟಿನ ಪೈಪು ತುಕ್ಕು ಹಿಡಿದು ಅಲ್ಲಾಡುವುದಿಲ್ಲ, ಅದು ಗೊತ್ತಿರಲಿ. ಹಿಂದಿನ ಸಂಜೆಯೇ ಪೈಪು ಫ್ರೇಮಿಗೆ ಇಳಿಯುವ ಜಾಗದಲ್ಲಿ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಬಿಡಿ. ಬೆಳಿಗ್ಗೆ ಬೋಲ್ಟ್ ಸಡಿಲ ಮಾಡಿ, ಸೀಟನ್ನು ಎರಡೂ ಕೈಯಲ್ಲಿ ಹಿಡಿದು ಆಚೆ ಈಚೆ ತಿರುಗಿಸುತ್ತಾ ಮೇಲಕ್ಕೆ ಎಳೆಯಿರಿ. ಪೂರ್ತಿ ಹೊರಗೆ ತೆಗೆದು ಒರೆಸಿ, ಪೈಪಿಗೆ ಸ್ವಲ್ಪ ಗ್ರೀಸ್ ಸವರಿ ಮತ್ತೆ ಇಳಿಸಿ. ಆ ಸೈಕಲ್ ತುಳಿಯುವ ಹುಡುಗಿಯನ್ನು ಗೋಡೆ ಪಕ್ಕ ಸೀಟಿನ ಮೇಲೆ ಕೂರಿಸಿ, ಹಿಮ್ಮಡಿ ಪೆಡಲ್ ಮೇಲಿಡಿಸಿ ಎತ್ತರ ನೋಡಿ, ಗೆರೆ ದಾಟಿಲ್ಲ ಅಂತ ಖಾತ್ರಿ ಮಾಡಿಕೊಂಡು ಬಿಗಿ ಮಾಡಿ. ಪಾನಾ ಹಿಡಿಯುವುದನ್ನು ಅವಳಿಗೂ ತೋರಿಸಿ, ಇನ್ನಾರು ತಿಂಗಳಿಗೆ ಮತ್ತೆ ಎತ್ತಬೇಕಾಗುತ್ತದೆ.